ಮೂರು ಮಹಡಿ, ನಾಲ್ಕು ನಿಮಿಷ

ಪತ್ರ ಓದಿ ಮುಗಿಸಿದ ಗುಡುಗಮ್ಮ ಬಾಯಿ ತೆರೆಯಲಿಲ್ಲ. ಲ್ಯಾಬಿನವರಿಗೆ ಅದೇ ಭಯ ಹುಟ್ಟಿಸಿತು. ಐವತ್ತಮೂರು ವರ್ಷದ ಈ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಕ್ಯಾನ್ಸರ್ ಆಸ್ಪತ್ರೆಯ ನೆಲಮಹಡಿಯ ಆ ಪ್ರಯೋಗಾಲಯದಲ್ಲಿ ಯಾರಿಗೂ ಅದರ ಅಗತ್ಯ ಬಿದ್ದಿರಲಿಲ್ಲ. ಒಂದು ನಳಿಗೆಯ ಮೇಲೆ ಚೀಟಿ ಸೊಟ್ಟಗೆ ಅಂಟಿದ್ದರೂ ಅವಳ ದನಿ ಕಾರಿಡಾರು ದಾಟಿ ಔಷಧಿ ಕೊಡುವ ಕಿಟಕಿಯವರೆಗೆ ಕೇಳುತ್ತಿತ್ತು. ಅಂಥವಳು ಪತ್ರವನ್ನು ನಾಲ್ಕಾಗಿ ಮಡಿಸಿ ಕೋಟಿನ ಜೇಬಿಗೆ ತುರುಕಿ, ಸ್ಟೂಲಿನ ಮೇಲೆ ಸುಮ್ಮನೆ ಕುಳಿತುಬಿಟ್ಟಳು.

"ಏನಂತೆ ಮೇಡಂ?" ಎಂದಳು ಗಾಜಕ್ಕ. ಹದಿನೆಂಟು ವರ್ಷದಿಂದ ಇಲ್ಲಿ ತಂತ್ರಜ್ಞೆ. ಅಷ್ಟು ವರ್ಷದಲ್ಲಿ ಒಂದೇ ಒಂದು ಗಾಜಿನ ಸಾಮಾನು ಒಡೆದಿಲ್ಲವೆಂದು ಬಂದ ಹೆಸರು ಅದು.

"ನಾನು ಸುಳ್ಳಿಯಂತೆ."

"ಹಾಗಂತ ಬರೆದಿದ್ದಾರಾ?"

"ಮರ್ಯಾದಸ್ಥರು ಕಣೇ ಅವರು. ಹಾಗೆ ಬರೀತಾರಾ? ಉಪ್ಪು ಖಾರ ಏನೂ ಹಾಕ್ದೆ ಬರೆದಿದ್ದಾರೆ. ಅದಕ್ಕೇ ಇನ್ನೂ ಉರೀತಿದೆ."

ವಿಷಯ ಇಷ್ಟು. ಇಪ್ಪತ್ತೆರಡು ವರ್ಷದಿಂದ ಗುಡುಗಮ್ಮ ಒಂದೇ ಒಂದು ಪ್ರೋಟೀನಿನ ಬೆನ್ನು ಹತ್ತಿದ್ದಳು. ನಮ್ಮ ದೇಹದ ಪ್ರತಿ ಜೀವಕೋಶದಲ್ಲೂ ಅದು ಇದೆ. ಸಾಮಾನ್ಯವಾಗಿ ತೆಪ್ಪಗೆ ಬಿದ್ದಿರುತ್ತದೆ. ಕೆಲವು ಗಡ್ಡೆಗಳಲ್ಲಿ ಮಾತ್ರ ಅದರ ಬೆನ್ನ ಮೇಲೆ ಫಾಸ್ಫೇಟಿನ ಒಂದು ಚೂರು ಹೋಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡಿತೋ, ಸ್ವಿಚ್ಚು ಒತ್ತಿದ ಹಾಗೆ. ಕೋಶ ಹುಚ್ಚು ಹಿಡಿದಂತೆ ಒಡೆದು ಎರಡಾಗಿ, ನಾಲ್ಕಾಗಿ ಬೆಳೆಯುತ್ತದೆ. ಆ ಚೂರಿಗೆ ಅವಳ ಲ್ಯಾಬಿನಲ್ಲಿ 'ಗುರುತು' ಎನ್ನುತ್ತಿದ್ದರು. ಗುರುತು ಇರುವ ಗಡ್ಡೆಯವರಿಗೆ ಒಂದು ಮಾತ್ರೆ ಹಿಡಿಯುತ್ತದೆ, ಇಲ್ಲದವರಿಗೆ ಹಿಡಿಯುವುದಿಲ್ಲ. ಇದು ಅವಳು ಕಂಡುಹಿಡಿದದ್ದು. ಜನ ನಕ್ಕಿದ್ದರು, ಅನುದಾನ ಕೊಡಲು ಸತಾಯಿಸಿದ್ದರು, ಒಬ್ಬ ಹಿರಿಯ ಮಹಾಶಯನಂತೂ ತುಂಬಿದ ಸಭೆಯಲ್ಲಿ "ಮನೆ ನೋಡ್ಕೊಳ್ಳಮ್ಮ" ಎಂದಿದ್ದ. ಅವಳು ಜಗ್ಗಲಿಲ್ಲ. ನೂರಾ ನಲವತ್ತು ಗಡ್ಡೆ ಪರೀಕ್ಷಿಸಿದಳು. ಹತ್ತರಲ್ಲಿ ಏಳಕ್ಕೆ ಗುರುತು ಸಿಕ್ಕಿತು. ದೊಡ್ಡ ಪತ್ರಿಕೆಯಲ್ಲಿ ಲೇಖನ ಬಂತು, ಮಾತ್ರೆಯನ್ನು ಇನ್ನೂರು ರೋಗಿಗಳ ಮೇಲೆ ಪರೀಕ್ಷಿಸಲು ಒಂದು ಸಮಿತಿ ಕೂಡ ಸಿದ್ಧವಾಯಿತು.

ಈಗ ಬೇರೆ ಊರಿನ ಒಬ್ಬ ಪ್ರೊಫೆಸರು ಅರವತ್ತು ಗಡ್ಡೆಗಳನ್ನು ಅವಳು ಹೇಳಿದ ವಿಧಾನದಲ್ಲೇ ಪರೀಕ್ಷಿಸಿದ್ದ. ಗುರುತು ಸಿಕ್ಕಿದ್ದು ಮೂರರಲ್ಲಿ. ಎರಡು ತಿಂಗಳೊಳಗೆ ಉತ್ತರ ಕೊಡಿ, ಇಲ್ಲವೇ ಲೇಖನ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಪತ್ರಿಕೆಯವರು ಬರೆದಿದ್ದರು. ಅಲ್ಲಿಯವರೆಗೆ ಸಮಿತಿ ಮಾತ್ರೆಯ ಪರೀಕ್ಷೆಯನ್ನು ತಡೆಹಿಡಿದಿತ್ತು. ಲೇಖನ ಹೋದರೆ ಮಾತ್ರೆಯೂ ಮೂಲೆ ಸೇರಿದಂತೆಯೇ.

ಮರುದಿನದಿಂದ ಕೆಲಸ ಶುರುವಾಯಿತು. ಮೂರು ವಾರದಲ್ಲಿ ಹದಿನಾರು ಹೊಸ ಗಡ್ಡೆ ಬಂದವು. ರೋಗಿಗಳ ಒಪ್ಪಿಗೆ ಪಡೆದು, ರೋಗಪತ್ತೆಗೆ ಬೇಕಾದ ತುಂಡನ್ನು ಮೊದಲು ತೆಗೆದಿಟ್ಟು, ಉಳಿದದ್ದನ್ನು ಗುಡುಗಮ್ಮ ತಾನೇ ಅರೆದಳು, ತಾನೇ ಪ್ರೋಟೀನು ತೆಗೆದಳು. ಗುರುತು ಇದ್ದರೆ ಬಿಳಿಯ ಹಾಳೆಯ ಮೇಲೆ ಕಪ್ಪು ಪಟ್ಟಿ ಮೂಡಬೇಕು. ಹದಿನಾರರಲ್ಲಿ ಒಂದೇ ಒಂದು ಮೂಡಿತು. ಅದೂ ಉಗುರಿನಲ್ಲಿ ಗೀಚಿದಷ್ಟು.

ಗುಡುಗಮ್ಮ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆ ಬೇರೆ ಊರಿನವನನ್ನು ಬೈಯಲು ಮೂರು ವಾರದಿಂದ ಕೂಡಿಟ್ಟ ಮಾತೆಲ್ಲ ವ್ಯರ್ಥವಾಯಿತು. ಅವನು ಹೇಳಿದ್ದೇ ಅವಳ ಮೇಜಿನ ಮೇಲೆ ಬಿದ್ದಿತ್ತು.

"ರಾಸಾಯನಿಕ ಹಳಸಿರಬೇಕು," ಎಂದಳು.

ಗಾಜಕ್ಕ ಫ್ರೀಜರಿನಿಂದ ನಾಲ್ಕು ವರ್ಷ ಹಳೆಯ ಮಾದರಿ ತೆಗೆದು ಅದೇ ರಾಸಾಯನಿಕದಲ್ಲಿ ನೋಡಿದಳು. ಪಟ್ಟಿ ಕಾಡಿಗೆಯಂತೆ ಮೂಡಿತು.

"ರಾಸಾಯನಿಕ ಗಟ್ಟಿಮುಟ್ಟಾಗಿದೆ ಮೇಡಂ."

"ಹಾಗಾದ್ರೆ ರೋಗವೇ ವೇಷ ಬದಲಾಯಿಸ್ತಾ? ನನ್ನ ಕಂಡ್ರೆ ಆಗಲ್ಲ ಅಂತ?"

ಗಾಜಕ್ಕ ನಗಲಿಲ್ಲ. ದಪ್ಪ ರಿಜಿಸ್ಟರನ್ನು ತಂದು, ಹಿಂದಿನ ವರ್ಷಗಳ ಮಾದರಿಗಳನ್ನೆಲ್ಲ ಒಂದೊಂದಾಗಿ ತೆಗೆದು ಪರೀಕ್ಷಿಸತೊಡಗಿದಳು. ಐದು ದಿನ ಹಿಡಿಯಿತು. ಕೊನೆಗೆ ಒಂದು ಪುಟದ ಮಧ್ಯೆ ಅಡ್ಡಗೆರೆ ಎಳೆದು ತೋರಿಸಿದಳು. ಗೆರೆಗಿಂತ ಮೇಲೆ ಹತ್ತರಲ್ಲಿ ಏಳಕ್ಕೆ ಗುರುತು ಇತ್ತು. ಗೆರೆಯ ಕೆಳಗೆ ಏನೂ ಇಲ್ಲ. ಗೆರೆ ಬಿದ್ದದ್ದು ಒಂದೂವರೆ ವರ್ಷದ ಹಿಂದಿನ ಒಂದು ತಿಂಗಳ ಕೊನೆಗೆ.

"ಲೇಖನ ಕಳಿಸಿದ ಮೇಲೆ ಬಂದವನ್ನ ನಾವು ನೋಡಿಯೇ ಇರಲಿಲ್ಲ ಮೇಡಂ. ಹಾಗೇ ಫ್ರೀಜರಿಗೆ ಹಾಕಿಬಿಟ್ವಿ."

"ಆ ತಿಂಗಳು ಏನಾಯ್ತೇ?"

"ಏನೂ ಆಗಿಲ್ಲ. ಅದೇ ಯಂತ್ರ, ಅದೇ ನಾವು."

ಆ ಸಂಜೆ ಮನೆಗೆ ಬಂದ ಗುಡುಗಮ್ಮ ಚಪ್ಪಲಿಯನ್ನು ಎಂದಿಗಿಂತ ಜೋರಾಗಿ ಬಿಸಾಡಿದಳು. ಸೋಫಾದ ಮೇಲೆ ಒಗೆದ ಬಟ್ಟೆಯ ರಾಶಿಯ ನಡುವೆ ಅತ್ತೆ ಕುಳಿತಿದ್ದಳು. ಎಂಬತ್ತೊಂದು ವರ್ಷ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ ಹೆಂಗಸು; ಕಿವಿ ಮಂದವಾಗಿದ್ದರೂ ಮಾತು ಮಂದವಾಗಿರಲಿಲ್ಲ.

"ಚಪ್ಪಲಿ ಏನು ಮಾಡಿತ್ತು ನಿನಗೆ?"

"ಸುಮ್ನಿರಿ ಅತ್ತೆ. ನನ್ನ ತಲೆ ಸರಿ ಇಲ್ಲ."

"ಅದು ನಂಗೆ ಮದುವೆ ದಿನವೇ ಗೊತ್ತಾಗಿತ್ತು. ಇವತ್ತು ಏನಾಯ್ತು ಹೇಳು."

ಸೊಸೆ ಹೇಳಿದಳು. ಬಟ್ಟೆ ಮಡಿಸುತ್ತಲೇ ಹೇಳಿದಳು. ಗಂಡನ ಅಂಗಿಯ ಕಾಲರನ್ನು ತಿರುವಿ ಹಿಂಡಿ ಮಡಿಸಿದಳು. ಅತ್ತೆಗೆ ಪ್ರೋಟೀನು ಅರ್ಥವಾಗಲಿಲ್ಲ. ಆದರೆ ಒಂದೂವರೆ ವರ್ಷದ ಗೆರೆ ಅರ್ಥವಾಯಿತು.

"ನಿನ್ನ ಕಡೆ ಸರಿ ಇದೆ ಅಂತೀಯ."

"ಇದೆ."

"ಆಪರೇಷನ್ ಮಾಡೋ ಡಾಕ್ಟರ ಕಡೆ?"

"ಅವರೂ ಅವರೇ. ಕೈಯೂ ಅದೇ."

"ನಮ್ಮಲ್ಲಿ ಲೈನ್ ಸತ್ತುಹೋಯ್ತು ಅಂತ ದೂರು ಬರೋದು. ಈ ಮನೆ ಫೋನೂ ಸರಿ, ಆ ಮನೆ ಫೋನೂ ಸರಿ. ಹುಡುಗರು ಎರಡೂ ಮನೇಲಿ ಕಾಫಿ ಕುಡಿದು 'ಏನೂ ತೊಂದ್ರೆ ಇಲ್ಲ' ಅಂತ ಬರೆದು ಬರೋರು. ನಾನು ಬೈಯ್ತಿದ್ದೆ: ನಡುವೆ ಕಂಬಗಳಿಲ್ವೇನ್ರೋ, ಒಂದೊಂದು ಕಂಬನೂ ನೋಡ್ಕೊಂಡು ಬನ್ರೋ ಅಂತ. ನೀನು ಕಂಬ ನೋಡಿದ್ಯಾ?"

ಗುಡುಗಮ್ಮನ ಕೈಯಲ್ಲಿದ್ದ ಅಂಗಿ ಕೈಯಲ್ಲೇ ಉಳಿಯಿತು. ಗಡ್ಡೆ ಮೂರನೇ ಮಹಡಿಯ ಆಪರೇಷನ್ ಕೋಣೆಯಲ್ಲಿ ದೇಹದಿಂದ ಹೊರಬರುತ್ತದೆ, ನೆಲಮಹಡಿಯ ಅವಳ ಮೇಜಿಗೆ ಬರುತ್ತದೆ. ನಡುವಿನ ದಾರಿಯನ್ನು ಅವಳು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನಡೆದಿರಲಿಲ್ಲ, ಅದನ್ನು ತರುವವರು ಯಾರೆಂದು ಗಮನಿಸಿರಲೂ ಇಲ್ಲ.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಅವಳು ಮೂರನೇ ಮಹಡಿಯಲ್ಲಿದ್ದಳು. ಆಪರೇಷನ್ ಕೋಣೆಯ ಹೊರಗಿನ ಓಣಿಯಲ್ಲಿ, ಬಿಸಿಲು ಬೀಳುವ ಕಿಟಕಿಯ ಪಕ್ಕ ಒಂದು ಕಲ್ಲಿನ ಹಲಗೆ. ಅದರ ಮೇಲೆ ಒದ್ದೆ ಬಟ್ಟೆ ಮುಚ್ಚಿದ ಮೂರು ಸ್ಟೀಲಿನ ತಟ್ಟೆಗಳು ಸಾಲಾಗಿ ಕುಳಿತಿದ್ದವು. ಗ್ಲೌಸು ಹಾಕಿದ ಬೆರಳಿನಲ್ಲಿ ಒಂದನ್ನು ಮುಟ್ಟಿದಳು. ಬೆಚ್ಚಗಿತ್ತು.

"ಇದು ಯಾವಾಗ ತೆಗೆದಿದ್ದು?"

ಹಿರಿಯ ನರ್ಸು ತಿರುಗಿ ನೋಡಿದಳು. "ಎಂಟೂವರೆಗೆ. ಟ್ರಾಲಿ ಬರ್ಬೇಕು ಮೇಡಂ."

"ಯಾವ ಟ್ರಾಲಿ?"

"ಒಂದೂವರೆ ವರ್ಷ ಆಯ್ತಲ್ಲ, ಹೊಸ ನಿಯಮ ಬಂದು. ಎರಡು ಗಂಟೆಗೊಮ್ಮೆ ಟ್ರಾಲಿ ಬಂದು ಎಲ್ಲಾ ಒಟ್ಟಿಗೆ ತಗೊಂಡು ಹೋಗುತ್ತೆ. ಬಹಳ ಶಿಸ್ತಾಗಿದೆ."

"ಶಿಸ್ತು!" ಎಂದಳು ಗುಡುಗಮ್ಮ. ಒಳಗೆ ಹೊಲಿಗೆ ಹಾಕುತ್ತಿದ್ದ ಸರ್ಜನ್ನಿನ ಕೈ ಒಂದು ಕ್ಷಣ ನಿಂತಿತಂತೆ. "ಇದಕ್ಕೂ ಮೊದಲು ಯಾರು ತರ್ತಿದ್ರು?"

"ರೈಲಣ್ಣ. ಅವರು ಯಾರಿಗೂ ಕಾಯ್ತಿರಲಿಲ್ಲ. ತಟ್ಟೆ ಕೈಗೆ ಸಿಕ್ಕಿದ್ದೇ ತಡ, 'ರೈಲು ಬಂತು, ದಾರಿ ಬಿಡಿ' ಅಂತ ಕೂಗ್ತಾ ಓಡೋರು. ನಿವೃತ್ತಿ ಆದ್ಮೇಲೆ ಅವರ ಜಾಗಕ್ಕೆ ಯಾರನ್ನೂ ಹಾಕ್ಲಿಲ್ಲ, ಟ್ರಾಲಿ ಕೊಂಡ್ರು."

ರೈಲಣ್ಣ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿದ್ದ. ಗುಡುಗಮ್ಮ ಹೋದಾಗ ಬನಿಯನ್ನು ತೊಟ್ಟು ಬಾಗಿಲಿಗೆ ಹಸಿರು ಬಣ್ಣ ಬಳಿಯುತ್ತಿದ್ದ. ಅವಳನ್ನು ಕಂಡವನೇ ಬ್ರಶ್ಶನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಅಮ್ಮಾ! ನಾನೇನೂ ಮಾಡಿಲ್ಲ!"

"ಮಾಡಿಲ್ಲ ಅಂತಾನೇ ಬಂದಿದ್ದೀನಿ ಮಾರಾಯ. ಕೂತ್ಕೋ. ಮೇಲಿಂದ ನನ್ನ ಲ್ಯಾಬಿಗೆ ತಟ್ಟೆ ತರೋಕೆ ನಿನಗೆ ಎಷ್ಟು ಹೊತ್ತು ಆಗ್ತಿತ್ತು?"

ರೈಲಣ್ಣ ಯೋಚಿಸಲೂ ಇಲ್ಲ. "ಲಿಫ್ಟು ಸಿಕ್ಕಿದ್ರೆ ನಾಲ್ಕು ನಿಮಿಷ. ಸಿಗದಿದ್ರೆ ಮೆಟ್ಟಿಲು, ಐದು. ಅಂಗಳದಲ್ಲಿ ಆಂಬುಲೆನ್ಸ್ ಅಡ್ಡ ನಿಂತಿದ್ರೆ ಐದೂವರೆ."

"ದಿನಾನೂ?"

"ಹತ್ತೊಂಬತ್ತು ವರ್ಷ."

"ಯಾಕೆ? ಓಡು ಅಂತ ನಿನಗೆ ಯಾರು ಹೇಳಿದ್ದು?"

ರೈಲಣ್ಣ ಅವಳ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದಾಳೋ ಎಂದು ಅವನಿಗೆ ಅನುಮಾನ.

"ನೀವೇ ಅಲ್ವಾ ಅಮ್ಮಾ? ನಾನು ಕೆಲಸಕ್ಕೆ ಸೇರಿ ಮೂರನೇ ದಿನ. ದಾರಿಯಲ್ಲಿ ಬೀಡಿ ಸೇದಿ ಬಂದಿದ್ದೆ. ನೀವು ತಟ್ಟೆ ಕಿತ್ಕೊಂಡು, 'ಇದೇನು ತರಕಾರಿ ಅಂದ್ಕೊಂಡ್ಯಾ? ಇನ್ನೊಂದ್ಸಲ ತಡ ಮಾಡಿದ್ರೆ ಕಾಲು ಮುರೀತೀನಿ' ಅಂದ್ರಿ. ಅವತ್ತಿಂದ ಬೀಡಿ ಬಿಟ್ಟೆ. ಕಾಲು ಉಳಿಸ್ಕೊಂಡೆ."

ಗುಡುಗಮ್ಮನಿಗೆ ಒಂದಿಷ್ಟೂ ನೆನಪಿರಲಿಲ್ಲ. ದಿನಕ್ಕೆ ಹತ್ತು ಜನರನ್ನು ಬೈಯುವವಳಿಗೆ ಇಪ್ಪತ್ತು ವರ್ಷದ ಹಿಂದಿನ ಬೈಗುಳ ಯಾವ ಲೆಕ್ಕ? ಅವಳ ನೂರಾ ನಲವತ್ತು ಗಡ್ಡೆಗಳ ಸತ್ಯವೆಲ್ಲ ಈ ಮನುಷ್ಯನ ಕಾಲಿನ ಮೇಲೆ ನಿಂತಿತ್ತು. ತನ್ನ ಲೇಖನದಲ್ಲಿ ಅವಳು ಬರೆದದ್ದು ಮಾತ್ರ, ಎಲ್ಲರೂ ಬರೆಯುವ ಹಾಗೆ, 'ಗಡ್ಡೆಯನ್ನು ತಕ್ಷಣ ಹೆಪ್ಪುಗಟ್ಟಿಸಲಾಯಿತು' ಎಂದು. ಗಡಿಯಾರ ಹಿಡಿದು ನೋಡಿದವರು ಯಾರೂ ಇರಲಿಲ್ಲ.

"ಅಂಗಿ ಹಾಕ್ಕೋ, ನಡಿ," ಎಂದಳು.

"ಬಣ್ಣ ಅಮ್ಮಾ, ಅರ್ಧಕ್ಕೆ…"

"ಬಾಗಿಲು ಎಲ್ಲೂ ಓಡಿ ಹೋಗಲ್ಲ."

ಎರಡು ದಿನದ ನಂತರ ಸರ್ಜನ್ ಒಂದು ದೊಡ್ಡ ಗಡ್ಡೆ ತೆಗೆದ. ಗುಡುಗಮ್ಮ ದ್ರವ ಸಾರಜನಕದ ಡಬ್ಬಿಯನ್ನು ಆಪರೇಷನ್ ಕೋಣೆಯ ಬಾಗಿಲಿಗೇ ತಂದಿಟ್ಟಿದ್ದಳು. ಅದರೊಳಗೆ ಬಿದ್ದದ್ದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಲ್ಲಾಗುತ್ತದೆ. ಆಮೇಲೆ ಅದರಲ್ಲಿ ಏನೂ ಬದಲಾಗುವುದಿಲ್ಲ. ಒಂದೇ ಗಡ್ಡೆಯನ್ನು ಏಳು ತುಂಡು ಮಾಡಿದರು. ಎರಡನೇ ನಿಮಿಷಕ್ಕೆ ಮೊದಲ ತುಂಡು, ಆಮೇಲೆ ಐದಕ್ಕೆ, ಹತ್ತಕ್ಕೆ, ಹದಿನೈದಕ್ಕೆ, ಇಪ್ಪತ್ತಕ್ಕೆ, ನಲವತ್ತಕ್ಕೆ, ಅರವತ್ತಕ್ಕೆ ಒಂದೊಂದು. ರೈಲಣ್ಣ ಗೋಡೆಯ ಗಡಿಯಾರದ ಕೆಳಗೆ ನಿಂತು ನಿಮಿಷ ಕೂಗುತ್ತಿದ್ದ.

ಹಾಳೆಯ ಮೇಲೆ ಪಟ್ಟಿ ಮೂಡಿದಾಗ ಗಾಜಕ್ಕನೇ ಮೊದಲು ನೋಡಿದ್ದು. ಮೊದಲೆರಡು ಕಾಡಿಗೆ ಕಪ್ಪು. ಮೂರನೆಯದು ಬೂದಿ. ನಾಲ್ಕನೆಯದು ಇದೆಯೋ ಇಲ್ಲವೋ ಅನ್ನುವಷ್ಟು. ಉಳಿದ ಮೂರು ಬರೀ ಬಿಳಿ. ದೇಹದಿಂದ ಹೊರಬಿದ್ದು ರಕ್ತ ನಿಂತ ಕೂಡಲೇ ಗಡ್ಡೆ ತನ್ನ ಗುರುತನ್ನು ತಾನೇ ಕಿತ್ತು ಹಾಕುತ್ತಿತ್ತು. ಹದಿನೈದು ನಿಮಿಷದಲ್ಲಿ ಸಾಕ್ಷಿ ಮಾಯ. ಗಾಜಕ್ಕ ಹಾಳೆಯನ್ನು ಬೆಳಕಿಗೆ ಹಿಡಿದಳು. ಗುಡುಗಮ್ಮ ಅವಳ ಭುಜ ಹಿಡಿದು ಎಷ್ಟು ಜೋರಾಗಿ ಅಲುಗಾಡಿಸಿದಳೆಂದರೆ, ಪಕ್ಕದಲ್ಲಿದ್ದ ಒಂದು ಬೀಕರು ನೆಲಕ್ಕೆ ಬಿದ್ದು ಚೂರಾಯಿತು.

"ನನ್ನ ಹದಿನೆಂಟು ವರ್ಷ!" ಎಂದಳು ಗಾಜಕ್ಕ.

"ಅದು ನನ್ನ ಲೆಕ್ಕಕ್ಕೆ ಕಣೇ. ನಿನ್ನ ಹೆಸರು ಗಟ್ಟಿ."

ಗುಡುಗಮ್ಮ ಅಲ್ಲಿಂದಲೇ ಪ್ರೊಫೆಸರಿಗೆ ಫೋನು ಹಚ್ಚಿದಳು.

"ಪ್ರೊಫೆಸರ್ರೇ, ನಿಮ್ಮಲ್ಲಿ ಗಡ್ಡೆ ತೆಗೆದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟಿಸ್ತೀರಿ?"

"ತಕ್ಷಣ," ಎಂದಿತು ಆ ಕಡೆಯ ತಣ್ಣನೆಯ ದನಿ.

"ಎಷ್ಟು ನಿಮಿಷ?"

"ನಿಮ್ಮ ಲೇಖನದಲ್ಲಿ ಎಷ್ಟು ನಿಮಿಷ ಅಂತ ಬರೆದಿದ್ದೀರಿ ಮೇಡಂ?"

ಗುಡುಗಮ್ಮನ ಕಿವಿ ಕೆಂಪಾಯಿತು. ಒಂದು ಕ್ಷಣ ಫೋನನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಆದರೆ ಆ ಮನುಷ್ಯ ಕೇಳಿದ್ದು ಸರಿಯಾಗೇ ಇತ್ತು.

"ಬರೆದಿಲ್ಲ. ತಪ್ಪು ನನ್ನದು. ನನಗೇ ಗೊತ್ತಿರಲಿಲ್ಲ," ಎಂದಳು. ಹದಿನೆಂಟು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದನ್ನು ಗಾಜಕ್ಕ ಕೇಳಿರಲಿಲ್ಲ. "ಈಗ ಎದ್ದು ಹೋಗಿ ನಿಮ್ಮ ಆಪರೇಷನ್ ಕೋಣೆ ಹೊರಗೆ ನೋಡ್ಕೊಂಡು ಬನ್ನಿ. ನಾನು ಹಿಡ್ಕೊಂಡಿರ್ತೀನಿ."

ಪ್ರೊಫೆಸರು ಹತ್ತು ನಿಮಿಷದ ಮೇಲೆ ಏದುಸಿರು ಬಿಡುತ್ತ ಬಂದ. "ಎರಡು ತಟ್ಟೆ ಇವೆ," ಎಂದ. "ಒಂದು ಒಂಬತ್ತು ಗಂಟೆಯದು." ಆಗ ಹನ್ನೊಂದೂಕಾಲು.

"ಈಗೇನಂತೀರಿ?"

"ಈಗಲೂ ಒಪ್ಪಲ್ಲ. ನಿಮ್ಮ ಕೈಯಲ್ಲಿ ಆಗಿದ್ದು ನನ್ನ ಕೈಯಲ್ಲೂ ಆಗ್ಬೇಕು."

"ಗಂಡಸಿನಂಥ ಮಾತು ಅಂತ ಹೊಗಳ್ತಿದ್ದೆ. ಬೇಡ, ವಿಜ್ಞಾನಿಯಂಥ ಮಾತು. ಸೋಮವಾರ ಬರ್ತೀನಿ, ಜೊತೆಗೆ ನನ್ನ ರೈಲೂ ಬರುತ್ತೆ."

"ಏನು ಬರುತ್ತೆ?"

"ನೋಡೋರಂತೆ."

ಪ್ರೊಫೆಸರು ಬೊಕ್ಕತಲೆಯ, ದುಂಡು ಹೊಟ್ಟೆಯ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಪರೀಕ್ಷೆಯನ್ನು ಅವನು ಎಷ್ಟು ಬಿಗಿಯಾಗಿ ಕಟ್ಟಿದ್ದನೆಂದರೆ ಗುಡುಗಮ್ಮನಿಗೆ ಒಳಗೊಳಗೇ ಗೌರವ ಹುಟ್ಟಿತು, ಹೇಳಲಿಲ್ಲ ಅಷ್ಟೆ. ಐದು ದಿನದಲ್ಲಿ ಹನ್ನೆರಡು ಗಡ್ಡೆ. ಪ್ರತಿಯೊಂದನ್ನೂ ಎರಡು ಪಾಲು ಮಾಡುವುದು. ಒಂದು ಪಾಲನ್ನು ರೈಲಣ್ಣ ಓಡಿಸಿಕೊಂಡು ಬರುವುದು, ಇನ್ನೊಂದು ಒಂದು ಗಂಟೆ ತಟ್ಟೆಯಲ್ಲೇ ಇರುವುದು. ನಳಿಗೆಗಳ ಮೇಲೆ ಬರೀ ಅಂಕಿ. ಯಾವ ಅಂಕಿ ಯಾವ ತುಂಡಿನದು ಎಂಬ ಪಟ್ಟಿ ಪ್ರೊಫೆಸರಿನ ಬೀಗ ಹಾಕಿದ ಡ್ರಾಯರಿನಲ್ಲಿ. ಪರೀಕ್ಷೆ ಮಾಡುವವರು ಅವನ ಜನ. ಗುಡುಗಮ್ಮ ಏನನ್ನೂ ಮುಟ್ಟುವಂತಿಲ್ಲ.

ಅದು ಅವಳಿಗೆ ಸಾವಿನಷ್ಟೇ ಕಷ್ಟವಾಯಿತು. ಕಾರಿಡಾರಿನ ಬೆಂಚಿನ ಮೇಲೆ ಕೈ ಕಟ್ಟಿ ಕುಳಿತು, ಗಾಜಿನ ಆಚೆ ಯಾರೋ ಪಿಪೆಟ್ಟನ್ನು ಸೊಟ್ಟಗೆ ಹಿಡಿಯುವುದನ್ನು ನೋಡುತ್ತ ಹಲ್ಲು ಕಡಿದಳು. ಪಕ್ಕದಲ್ಲಿ ರೈಲಣ್ಣ ಟವೆಲಿನಿಂದ ಮುಖ ಒರೆಸಿಕೊಂಡ.

"ಇಲ್ಲಿ ಮೆಟ್ಟಿಲು ಕಡಿದು ಅಮ್ಮಾ. ಆದ್ರೂ ಆರು ನಿಮಿಷ ಮೀರಿಲ್ಲ."

"ಮಂಡಿ ನೋವಿದ್ಯಾ?"

"ಇದೆ. ನೀವು ಮೊದಲನೇ ಸಲ ಕೇಳ್ತಿದ್ದೀರಿ, ಅದಕ್ಕೆ ಸ್ವಲ್ಪ ಕಡಿಮೆ ಆಯ್ತು."

ಎಂಟನೇ ದಿನ ಮಧ್ಯಾಹ್ನ ಹಾಳೆಯ ಚಿತ್ರ ಬಂತು. ತುಂಡಿಗೊಂದರಂತೆ ಇದ್ದ ಇಪ್ಪತ್ತನಾಲ್ಕು ಮನೆಗಳಲ್ಲಿ ಒಂಬತ್ತು ಕಪ್ಪು, ಒಂದು ತೆಳು ಬೂದಿ, ಉಳಿದವು ಖಾಲಿ. ಪ್ರೊಫೆಸರು ಡ್ರಾಯರಿನ ಬೀಗ ತೆಗೆದು, ಕನ್ನಡಕ ಏರಿಸಿ, ಕಪ್ಪು ಬಿದ್ದ ಅಂಕಿಗಳನ್ನು ಗುಮಾಸ್ತನಂತೆ ಓದತೊಡಗಿದ.

"ಎರಡು… ಓಡಿ ತಂದದ್ದು. ಐದು… ಓಡಿ ತಂದದ್ದು. ಆರು… ಓಡಿ ತಂದದ್ದು." ಐದನೆಯ ಕಪ್ಪು ಪಟ್ಟಿಗೆ ಬರುವಾಗ ದನಿ ಬದಲಾಯಿತು. ಏಳನೆಯದಕ್ಕೆ ಕನ್ನಡಕ ತೆಗೆದು ಒರೆಸಿದ. ಒಂಬತ್ತೂ ಓಡಿ ತಂದವೇ. ಹನ್ನೆರಡು ಗಡ್ಡೆಯಲ್ಲಿ ಒಂಬತ್ತು. ಅವಳ ಲೇಖನ ಹೇಳಿದ್ದಕ್ಕೂ ಸ್ವಲ್ಪ ಹೆಚ್ಚೇ.

"ಆ ಬೂದಿ ಬಣ್ಣದ್ದು," ಎಂದ ಆಮೇಲೆ, "ಹದಿನೇಳು. ತಟ್ಟೆಯಲ್ಲಿ ಇದ್ದದ್ದು. ಒಂದು ಗಂಟೆ ಬಿಟ್ಟರೂ ಪೂರ್ತಿ ಹೋಗಿಲ್ಲ. ಇದು ನಿಮ್ಮ ಮಾತಿಗೆ ಹೊಂದಲ್ಲ ಮೇಡಂ."

ಕೋಣೆಯಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಅವಳ ಕೋಪದ ಕಥೆಗಳು ಆ ಊರಿಗೂ ತಲುಪಿದ್ದವು.

"ಹೊಂದಲ್ಲ," ಎಂದಳು ಗುಡುಗಮ್ಮ. "ಯಾಕೋ ಗೊತ್ತಿಲ್ಲ. ಗೊತ್ತಿಲ್ಲ ಅಂತಾನೇ ಬರೆಯೋಣ. ಈ ಸಲ ನಿಮಿಷ ಬರೆಯೋಣ, ತಟ್ಟೆ ಬರೆಯೋಣ, ಕಿಟಕಿ ಬಿಸಿಲು ಬರೆಯೋಣ, ಓಡಿದವನ ಹೆಸರೂ ಬರೆಯೋಣ. ಒಟ್ಟಿಗೆ ಬರೀತೀರಾ?"

ಪ್ರೊಫೆಸರು ಕುರ್ಚಿಯಿಂದ ಎದ್ದ. ಕೈ ಕೊಡುತ್ತಾನೆಂದು ಅವಳು ಕೈ ಚಾಚಿದರೆ, ಅವನು ಫೋನು ಎತ್ತಿಕೊಂಡ. ಸಮಿತಿಯ ಅಧ್ಯಕ್ಷರಿಗೆ ಅವನು ಹೇಳಿದ್ದು ಮೂರೇ ಮಾತು: "ತಪ್ಪು ನಮ್ಮ ತಟ್ಟೆಯದ್ದು. ಗುರುತು ಇದೆ. ಮಾತ್ರೆ ನಿಲ್ಲಿಸಬೇಡಿ." ಆಮೇಲೆ ಅವಳತ್ತ ತಿರುಗಿ ಎರಡೂ ಕೈ ಮುಗಿದ. ಗುಡುಗಮ್ಮನಿಗೆ ಬೈಯಲು ಯಾರೂ ಸಿಗಲಿಲ್ಲ. ಹೋಗಿ ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು, ಬಹಳ ಹೊತ್ತು ತೊಳೆದುಕೊಂಡಳು.

ಮೂರು ವಾರಕ್ಕೆ ಸಮಿತಿಯ ಒಪ್ಪಿಗೆ ಬಂತು. ಇನ್ನೂರು ರೋಗಿಗಳಲ್ಲಿ ಮೊದಲನೆಯವಳು ಪ್ರೊಫೆಸರಿನ ಆಸ್ಪತ್ರೆಯಲ್ಲೇ ದಾಖಲಾದಳು: ನಲವತ್ತೊಂದು ವರ್ಷದ ಬಸ್ ಕಂಡಕ್ಟರ್ ಹೆಂಗಸು. ತಟ್ಟೆ ತರಲು ಆ ಆಸ್ಪತ್ರೆ ಹೊಸದಾಗಿ ನೇಮಿಸಿದ್ದ ಇಬ್ಬರು ಓಟಗಾರರಿಗೆ ದಾರಿ ಕಲಿಸಲು ರೈಲಣ್ಣ, ಹಾಳೆ ನೋಡಲು ಗುಡುಗಮ್ಮ, ಇಬ್ಬರೂ ಮತ್ತೆ ಹೋಗಿದ್ದರು. ಆದರೆ ಆ ಬೆಳಗ್ಗೆ ಗಡ್ಡೆ ಹೊರಬಂದಾಗ ಓಟಗಾರರಿಬ್ಬರೂ ಬೇರೆ ಕೋಣೆಗಳಲ್ಲಿದ್ದರು. ಬಾಗಿಲಲ್ಲಿ ನಿಂತಿದ್ದ ಪ್ರೊಫೆಸರು ಅತ್ತ ಇತ್ತ ನೋಡಿದ. ತಟ್ಟೆ ಎತ್ತಿಕೊಂಡ.

ಇಸ್ತ್ರಿಯ ಅಂಗಿ, ಬೊಕ್ಕತಲೆ, ಹೊಟ್ಟೆ ಎಲ್ಲವೂ ಒಟ್ಟಿಗೆ ಓಣಿಯಲ್ಲಿ ಓಡಿದ್ದನ್ನು ಆ ಆಸ್ಪತ್ರೆ ಹಿಂದೆಂದೂ ಕಂಡಿರಲಿಲ್ಲ. ಹಿಂದೆ ರೈಲಣ್ಣ ಕುಂಟುತ್ತ ಓಡುತ್ತಿದ್ದ, ಕೂಗುತ್ತಿದ್ದ.

"ಕಾಲು ಎತ್ತಿ ಹಾಕಿ ಸಾರ್! ತಟ್ಟೆ ಎದೆಗೆ ಒತ್ತಿ ಹಿಡೀರಿ! ಅಯ್ಯೋ, ತಿರುವಿನಲ್ಲಿ ಎಡಕ್ಕೆ, ಎಡಕ್ಕೆ!"

ಲ್ಯಾಬಿನ ಬಾಗಿಲಲ್ಲಿ ಗಡಿಯಾರ ಹಿಡಿದು ನಿಂತಿದ್ದ ಗುಡುಗಮ್ಮ ತಟ್ಟೆಯನ್ನು ಕಸಿದುಕೊಂಡು ತುಂಡನ್ನು ಸಾರಜನಕಕ್ಕೆ ಹಾಕಿದಳು. ಹೊಗೆ ಎದ್ದಿತು. ಏಳು ನಿಮಿಷ ಹತ್ತು ಸೆಕೆಂಡು.

"ನಾಳೆ ಆರು ನಿಮಿಷಕ್ಕೆ ಇಳೀಬೇಕು ಸಾರ್," ಎಂದ ರೈಲಣ್ಣ. ಪ್ರೊಫೆಸರಿಗೆ ಉತ್ತರಿಸಲು ಉಸಿರಿರಲಿಲ್ಲ; ಗೋಡೆಗೆ ಒರಗಿ ತಲೆ ಅಲ್ಲಾಡಿಸಿದ.

ಮೂರನೇ ದಿನ ಪಟ್ಟಿ ಮೂಡಿತು. ಕಾಡಿಗೆ ಕಪ್ಪು. ವಾರ್ಡಿನಲ್ಲಿ ದಿಂಬಿಗೆ ಒರಗಿ ಕುಳಿತಿದ್ದ ಕಂಡಕ್ಟರ್ ಹೆಂಗಸಿಗೆ ಗುಡುಗಮ್ಮ ತಾನೇ ಹೋಗಿ ಹೇಳಿದಳು: ನಿಮ್ಮ ಗಡ್ಡೆಗೆ ಗುರುತು ಇದೆ, ನಿಮಗೆ ಆ ಮಾತ್ರೆ ಕೊಡಬಹುದು, ಹಿಡಿಯುತ್ತೆ ಅನ್ನೋ ನಂಬಿಕೆ ನನಗಿದೆ.

ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಯಾವತ್ತಿಂದ?"

"ನಾಳೆ ಬೆಳಗ್ಗೆಯಿಂದ."

"ನಾಳೆ ಯಾಕೆ?" ಎಂದಳು ಆಕೆ. "ಇವತ್ತೇನು ರಜವಾ?"

ಗುಡುಗಮ್ಮ ತಿರುಗಿ, ಔಷಧಿ ಕೊಡುವ ಕಿಟಕಿಯ ಕಡೆಗೆ ಓಡಿದಳು.